ಏಳು ಕಡ್ಡಿಯಿಂದ ಮೂವತ್ತೊಂದಕ್ಕೆ

1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಕಾರು ತಂದು ನಿಲ್ಲಿಸಿ ಈಕ್ವಲೈಜರ್ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಅದನ್ನು ಕಣ್ಣಿನಿಂದಲೇ ಆರಿಸುತ್ತಿದ್ದರು. ಅಂಗಡಿಯ ಗಾಜಿನ ಕಪಾಟಿನಲ್ಲಿ ನಾಲ್ಕೈದು ಮಾದರಿ ಸಾಲಾಗಿ ಇರುತ್ತಿದ್ದವು. ವೈರು ಕೊಟ್ಟು, ಕ್ಯಾಸೆಟ್ ಹಾಕಿ, ಹಾಡಿನ ಏರಿಳಿತಕ್ಕೆ ಸರಿಯಾಗಿ ಹಸಿರು, ಹಳದಿ, ಕೆಂಪು ದೀಪ ಓಡಾಡಿದರೆ ಅರ್ಧ ವ್ಯಾಪಾರ ಕುದುರಿದಂತೆ. ಮೇಲೆ ಕೆಳಗೆ ಸರಿಸುವ ಕಡ್ಡಿಗಳು ಐದಿದ್ದರೆ ಸಾಧಾರಣ, ಏಳಿದ್ದರೆ ಉತ್ತಮ. ಟ್ಯಾಕ್ಸಿಯವರಿಗಂತೂ ರಾತ್ರಿ ಹೊತ್ತು ಹಿಂದಿನ ಸೀಟಿನವರ ಕಣ್ಣಿಗೆ ಆ ದೀಪ ಬೀಳಬೇಕಿತ್ತು. ಆ ರಸ್ತೆಯ ಒಂದು ಫಿಟಿಂಗ್ ಅಂಗಡಿಯಲ್ಲಿ ನಾನು ಕಾಲೇಜು ಮುಗಿಸಿದ ಹೊಸತರಲ್ಲಿ ಕೆಲಸಕ್ಕಿದ್ದೆ. ಆಮೇಲೆ ಬೇರೆ ಕಸುಬು ಹಿಡಿದೆ, ಕಾರಿನೊಳಗಿನ ಸಂಗೀತದ ಮೇಲಿನ ಆಸೆ ಮಾತ್ರ ಹಾಗೇ ಉಳಿಯಿತು. ಆ ದೀಪಗಳನ್ನು ನೆನೆದು ಈಗ ಹಳಹಳಿಸುವವರಿದ್ದಾರೆ. ಅವರ ಜೊತೆ ನಾನಿಲ್ಲ. ಅಂದಿನ ಬಹುಪಾಲು ಕಾರುಗಳಲ್ಲಿ ಹಾಡು ಚೆನ್ನಾಗಿ ಕೇಳುತ್ತಿರಲಿಲ್ಲ, ಈಕ್ವಲೈಜರ್ ಹಾಕಿಸಿದ ಮೇಲೆ ಇನ್ನೂ ಕೆಟ್ಟದಾಗಿ ಕೇಳುತ್ತಿದ್ದ ಕಾರುಗಳೂ ಕಡಿಮೆ ಇರಲಿಲ್ಲ.

ಆಗ ಬರುತ್ತಿದ್ದದ್ದು ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮತ್ತೆ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800. ಸಂಗೀತ ಬೇಕೆಂದರೆ ಮಾಲೀಕರೇ ಬೇರೆಯಾಗಿ ಹಾಕಿಸಿಕೊಳ್ಳಬೇಕು. ಕೊಲ್ಲಿಯಲ್ಲಿರುವ ಭಾವ ತಂದುಕೊಟ್ಟ ಡೆಕ್ಕು, ಮದ್ರಾಸಿನ ಬರ್ಮಾ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಈಕ್ವಲೈಜರ್, ಇಲ್ಲಿಯೇ ಎಲ್ಲೋ ಜೋಡಿಸಿದ ಸ್ಪೀಕರ್ ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಒಂದರ ಪ್ಲಗ್ಗು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡೆಕ್ಕಿಗೆ ಜಾಗ ಮಾಡಿದ ಮೇಲೆ ಈಕ್ವಲೈಜರಿಗೆ ಜಾಗ ಉಳಿಯದು, ಹಾಗಾಗಿ ತಗಡಿನ ಪಟ್ಟಿ ಬಾಗಿಸಿ ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂಗುಹಾಕುತ್ತಿದ್ದೆವು. ಗೇರು ಹಾಕುವಾಗ ಮೊಣಕಾಲು ತಗುಲಿ ಕಡ್ಡಿಗಳು ಜರುಗುವುದು ಮಾಮೂಲಾಗಿತ್ತು.

ಅಂಗಡಿಯ ದೊಡ್ಡ ಮೆಕ್ಯಾನಿಕ್ಕನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಈಕ್ವಲೈಜರ್ ಬೇಕೆಂದು ಬಂದವರಿಗೆ ಅವರು ತಕ್ಷಣ ಕಪಾಟು ತೆಗೆದು ತೋರಿಸುತ್ತಿರಲಿಲ್ಲ. “ಸಾರ್, ಮೊದಲು ನಿಮ್ಮ ಕ್ಯಾಸೆಟ್ ಹಾಕಿ, ಕೇಳೋಣ” ಎಂದು ಕಾರಿನ ಬಾಗಿಲು ತೆಗೆದು ಕೂತುಬಿಡುತ್ತಿದ್ದರು. ಕೂತಲ್ಲಿಂದಲೇ ಡೆಕ್ಕಿನ ಬಾಯಿಗೆ ಸ್ಪಿರಿಟ್ ಅದ್ದಿದ ಹತ್ತಿ ತೂರಿಸಿ ಹೆಡ್ಡು ಒರೆಸುವರು. ಹತ್ತಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಟೇಪಿನಿಂದ ಉದುರಿದ ಪುಡಿ ಹೆಡ್ಡಿನ ಮೇಲೆ ಕೂತರೆ ಮೊದಲು ಸಾಯುವುದೇ ತೆಳುವಾದ ಮೇಲಿನ ಸದ್ದು. ತಾಳ, ಗೆಜ್ಜೆ, ‘ಸ’ಕಾರ ‘ಶ’ಕಾರಗಳ ಅಂಚು ಎಲ್ಲವೂ ಮಸಕಾಗುತ್ತದೆ. ಒರೆಸಿದ ಮೇಲೂ ಮಸಕಾಗಿದ್ದರೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕಾಲು ಸುತ್ತಿಗೂ ಕಡಿಮೆ ತಿರುಗಿಸುತ್ತಿದ್ದರು. ಹೆಡ್ಡಿನ ಸೀಳು ಟೇಪಿಗೆ ನೆಟ್ಟಗೆ ಲಂಬವಾಗಿ ನಿಂತ ಕ್ಷಣವೇ ಹಾಡು ಸ್ಪಷ್ಟವಾಗುತ್ತಿತ್ತು. ಅಷ್ಟಕ್ಕೇ ಸಮಾಧಾನವಾಗಿ, ಈಕ್ವಲೈಜರ್ ಬೇಡವೆಂದು ಹಿಂದಿರುಗಿದ ಗಿರಾಕಿಗಳಿದ್ದರು. ಮಾಲೀಕರಿಗೆ ಇದು ರುಚಿಸುತ್ತಿರಲಿಲ್ಲ. ಉಸ್ತಾದ್ ಆ ಪದ್ಧತಿ ಬಿಡಲೂ ಇಲ್ಲ.

ಅವರು ಹೀಗೆ ಮಾಡುತ್ತಿದ್ದದ್ದಕ್ಕೆ ಕಾರಣವಿತ್ತು. ಈಕ್ವಲೈಜರ್ ಇಲ್ಲದ ಸದ್ದನ್ನು ಹುಟ್ಟಿಸುವುದಿಲ್ಲ, ಇರುವ ಸದ್ದಿನ ಯಾವ ಭಾಗ ಹೆಚ್ಚು ಯಾವುದು ಕಡಿಮೆ ಎಂಬುದನ್ನಷ್ಟೇ ಬದಲಿಸುತ್ತದೆ. ಏಳು ಕಡ್ಡಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 60, 150, 400, 1,000, 2,400, 6,000 ಮತ್ತು 15,000 ಹರ್ಟ್ಸ್ ಎಂದು ಬರೆದಿರುತ್ತಿತ್ತು. ಒಂದೊಂದು ಕಡ್ಡಿಯೂ ಆ ಸುತ್ತಿನ ಸದ್ದನ್ನು 12 ಡೆಸಿಬೆಲ್‌ವರೆಗೆ ಏರಿಸಬಲ್ಲದು, ಅಷ್ಟೇ ಇಳಿಸಬಲ್ಲದು. ಕ್ಯಾಸೆಟ್ಟಿನಲ್ಲಿ ಇಲ್ಲದ್ದನ್ನು 15,000ದ ಕಡ್ಡಿ ಎಲ್ಲಿಂದ ತರಬೇಕು? 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಆ ಪುಟ್ಟ ಕ್ಯಾಸೆಟ್ಟಿನಲ್ಲಿ ಟೇಪು ಓಡುವುದು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ. ಅದರಲ್ಲೂ ನಮ್ಮ ಗಿರಾಕಿಗಳ ಕ್ಯಾಸೆಟ್ಟುಗಳು ಹಾಡಿನ ಪಟ್ಟಿ ಬರೆದುಕೊಟ್ಟು ರೆಕಾರ್ಡಿಂಗ್ ಅಂಗಡಿಯಲ್ಲಿ ತುಂಬಿಸಿಕೊಂಡವು. ಕಾಪಿಯಿಂದ ಕಾಪಿಗೆ ಹೋಗುತ್ತ ಹೋಗುತ್ತ ಗೆಜ್ಜೆ ಹೋಗಿ ಬರೀ ‘ಸ್ಸ್’ ಎಂಬ ಸದ್ದು ಉಳಿದಿರುತ್ತಿತ್ತು. 15,000ದ ಕಡ್ಡಿ ಮೇಲೇರಿಸಿದರೆ ಆ ‘ಸ್ಸ್’ ದೊಡ್ಡದಾಗುತ್ತಿತ್ತು, ಅಷ್ಟೆ.

ಆದರೂ ಎಲ್ಲರೂ ಏರಿಸುತ್ತಿದ್ದರು. ಎರಡು ತುದಿಯ ಕಡ್ಡಿಗಳು ಮೇಲೆ, ನಡುವಿನವು ಕೆಳಗೆ. ಹಾಗೆ ಜೋಡಿಸಿದ ಕಡ್ಡಿಗಳನ್ನು ಊರಿನ ಯಾವ ಕಾರಿನಲ್ಲಿ ಬೇಕಾದರೂ ನೋಡಬಹುದಿತ್ತು. ಅಂಗಡಿಯಲ್ಲಿ ನಿಂತು ಕೇಳುವಾಗ ಅದು ಭರ್ಜರಿಯಾಗಿಯೇ ಕೇಳುತ್ತದೆ, ಅದಕ್ಕೆ ನಮ್ಮ ಕಿವಿಯ ಸ್ವಭಾವವೇ ಕಾರಣ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮುನ್ಸನ್ ಇದನ್ನು ಅಳೆದು ತೋರಿಸಿದರು. ಸದ್ದು ಮೆಲ್ಲಗಿದ್ದಾಗ ಕಿವಿಗೆ ಕೆಳಗಿನ ಸ್ವರಗಳೂ ತೀರ ಮೇಲಿನವೂ ಕಡಿಮೆ ಕೇಳುತ್ತವೆ, ಸದ್ದು ಜೋರಾದಂತೆ ಈ ವ್ಯತ್ಯಾಸ ತಗ್ಗುತ್ತದೆ. ಹಾಗಾಗಿ ಮೆಲ್ಲಗೆ ಕೇಳುವಾಗ ತುದಿಗಳನ್ನು ತುಸು ಏರಿಸುವುದು ಸರಿಯೇ. ಅದೇ ಜೋಡಣೆಯಲ್ಲಿ ವಾಲ್ಯೂಮನ್ನು ಪೂರ್ತಿ ತಿರುಗಿಸಿದಾಗ ತೊಂದರೆ ಶುರು.

ಡೆಸಿಬೆಲ್ ಲೆಕ್ಕವನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದು ಕಷ್ಟವಾಗಿತ್ತು, ಈಗಲೂ ಕಷ್ಟವೇ. ಮೂರು ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಎರಡು ಪಟ್ಟು ಶಕ್ತಿ ಕೊಡಬೇಕು. ಆರಕ್ಕೆ ನಾಲ್ಕು ಪಟ್ಟು, ಹನ್ನೆರಡಕ್ಕೆ ಹತ್ತಿರ ಹತ್ತಿರ ಹದಿನಾರು ಪಟ್ಟು. 60ರ ಕಡ್ಡಿಯನ್ನು ತುದಿ ಮುಟ್ಟಿಸಿದವರು ಬಾಸ್ ಬರುವಲ್ಲೆಲ್ಲ ಹದಿನಾರು ಪಟ್ಟು ಶಕ್ತಿ ಕೇಳುತ್ತಿದ್ದರು. ಆದರೆ ಕಾರಿನ ಬ್ಯಾಟರಿ ಹನ್ನೆರಡು ವೋಲ್ಟಿನದು, ಎಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು. ಆ ವೋಲ್ಟೇಜನ್ನು ಒಳಗೆ ಏರಿಸಿಕೊಳ್ಳುವ ವ್ಯವಸ್ಥೆ ಇಲ್ಲದ ಆಂಪ್ಲಿಫೈಯರಿನಿಂದ ನಾಲ್ಕು ಓಮ್‌ನ ಸ್ಪೀಕರಿಗೆ ನಿಜವಾಗಿ ಸಿಗುವುದು ಇಪ್ಪತ್ತು ವ್ಯಾಟಿನ ಹತ್ತಿರ. ಡಬ್ಬದ ಮೇಲೆ ನೂರಾರು ವ್ಯಾಟ್ ಪಿಎಂಪಿಒ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರೂ ಒಳಗಿರುವುದು ಅಷ್ಟೇ. ಶಕ್ತಿ ಸಾಲದೆ ಸದ್ದಿನ ಅಲೆಗಳ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಹಾಡು ಒಡೆದು ಕೇಳುತ್ತದೆ, ಸ್ವಲ್ಪ ದಿನಕ್ಕೆ ಟ್ವೀಟರ್ ಸುಟ್ಟುಹೋಗುತ್ತದೆ. ಸುಟ್ಟ ಸ್ಪೀಕರ್ ಹಿಡಿದು ಬಂದವರು ಇನ್ನೂ ದೊಡ್ಡ ಸ್ಪೀಕರ್ ಕೊಡಿ ಎಂದು ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕಡ್ಡಿ ಇಳಿಸುವ ಬುದ್ಧಿಮಾತು.

ಆ ಕಾಲದಲ್ಲಿ ಈಕ್ವಲೈಜರಿನಲ್ಲೇ ಎರಡು ಜಾತಿ ಇದ್ದವು. ಒಂದರಲ್ಲಿ ಆಂಪ್ಲಿಫೈಯರೂ ಸೇರಿರುತ್ತಿತ್ತು, ಅದು ಬೂಸ್ಟರ್ ಈಕ್ವಲೈಜರ್. ಡೆಕ್ಕಿನಿಂದ ಸ್ಪೀಕರಿಗೆ ಹೋಗುವ ವೈರನ್ನೇ ಕತ್ತರಿಸಿ ಇದರೊಳಗೆ ಹಾಯಿಸುವುದು. ಡೆಕ್ಕು ಒಮ್ಮೆ ವರ್ಧಿಸಿದ ಸದ್ದನ್ನು ಇದು ತಗ್ಗಿಸಿಕೊಂಡು ಮತ್ತೆ ವರ್ಧಿಸುತ್ತಿತ್ತು, ಗದ್ದಲವೂ ಅದರ ಜೊತೆಗೇ ದೊಡ್ಡದಾಗುತ್ತಿತ್ತು. ಇನ್ನೊಂದು ಬರೀ ಈಕ್ವಲೈಜರ್, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು, ಖರ್ಚು ಹೆಚ್ಚು, ಸದ್ದು ಶುದ್ಧ. ಮಾರಾಟವಾಗುತ್ತಿದ್ದದ್ದು ಮೊದಲನೆಯದು. ಯಾವುದನ್ನು ಹಾಕಿದರೂ ಅರ್ಥ್ ವೈರನ್ನು ಸರಿಯಾಗಿ ಬಿಗಿಯದಿದ್ದರೆ ಆಕ್ಸಿಲರೇಟರ್ ತುಳಿದಂತೆ ಏರುವ ಒಂದು ಕುಯ್ಯೆಂಬ ಸದ್ದು ಹಾಡಿನ ಹಿಂದೆ ಸೇರಿಕೊಳ್ಳುತ್ತಿತ್ತು. ಆಲ್ಟರ್ನೇಟರಿನ ಆ ಸದ್ದನ್ನು ಹುಡುಕಿ ಓಡಿಸಲು ಕಾರ್ಪೆಟ್ ಎತ್ತಿ, ಪೇಂಟ್ ಕೆರೆದು, ಬರಿಯ ಲೋಹ ಕಾಣುವಂತೆ ಮಾಡಿ ಎಲ್ಲ ಅರ್ಥ್ ವೈರುಗಳನ್ನೂ ಒಂದೇ ಬೋಲ್ಟಿಗೆ ತಂದು ಕಟ್ಟುತ್ತಿದ್ದೆವು. ನನ್ನ ಮಟ್ಟಿಗೆ ಅಲ್ಲಿ ಕಲಿತ ಅತ್ಯಂತ ಉಪಯುಕ್ತ ಕೆಲಸ ಅದು. ಇಂದಿಗೂ ಅದಕ್ಕೆ ಮೊದಲ ಮದ್ದು ಅದೇ.

ಕುಂದಾಪುರ ಕಡೆಯ ಒಬ್ಬ ಟ್ಯಾಕ್ಸಿ ಚಾಲಕರ ಕಾರು ಈಗಲೂ ಸ್ಪಷ್ಟವಾಗಿ ನೆನಪಿದೆ. ಕಾರಿನ ತುಂಬ ಯಕ್ಷಗಾನ ಮತ್ತು ತಾಳಮದ್ದಳೆಯ ಕ್ಯಾಸೆಟ್ಟುಗಳು. ರಾತ್ರಿ ಘಾಟಿ ಹತ್ತಿ ಇಳಿಯುವಾಗ ಅರ್ಥಧಾರಿಗಳ ಮಾತು ಕೇಳದಿದ್ದರೆ ಅವರಿಗೆ ನಿದ್ದೆ ಬರುತ್ತಿತ್ತಂತೆ. ಹೊಸ ಈಕ್ವಲೈಜರ್ ಹಾಕಿಸಿದ ಮೇಲೆ ಮಾತೇ ತಿಳಿಯುತ್ತಿಲ್ಲ, ಚಂಡೆ ಮಾತ್ರ ಕಿವಿಗೆ ಚುಚ್ಚುತ್ತದೆ ಎನ್ನುವುದು ಅವರ ದೂರು. ಕಡ್ಡಿಗಳು ಎಂದಿನಂತೆ ತುದಿಯಲ್ಲಿ ಮೇಲೆ, ನಡುವೆ ಕೆಳಗೆ. ಮನುಷ್ಯನ ಮಾತಿನ ಸ್ಪಷ್ಟತೆ ಇರುವುದು ಒಂದರಿಂದ ನಾಲ್ಕು ಸಾವಿರ ಹರ್ಟ್ಸ್ ನಡುವೆ. ಅವರು ಅದನ್ನೇ ತಗ್ಗಿಸಿಟ್ಟಿದ್ದರು. ಉಸ್ತಾದ್ ಎಲ್ಲ ಕಡ್ಡಿಗಳನ್ನೂ ಮೊದಲು ನಡುಗೆರೆಗೆ ತಂದರು. ಆಮೇಲೆ ಮಾತಿನ ಕಡ್ಡಿಯನ್ನು ಏರಿಸುತ್ತಾರೆಂದು ನಾನು ಕಾದಿದ್ದೆ. ಅವರು ಅದನ್ನು ಮುಟ್ಟಲಿಲ್ಲ. 150ರದನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತ ಹೋದರು. ಹಿಂದಿನ ಗಾಜಿನ ಕೆಳಗೆ ಹಲಗೆ ಕೊರೆದು ಕೂರಿಸಿದ್ದ ಆರು-ಒಂಬತ್ತು ಅಂಗುಲದ ಅಂಡಾಕಾರದ ಸ್ಪೀಕರುಗಳು ಆ ಸ್ವರಕ್ಕೆ ಹಲಗೆಯನ್ನೇ ನಡುಗಿಸುತ್ತಿದ್ದವು. ಆ ಗುಂಯ್‌ಗುಡುವಿಕೆ ತಗ್ಗಿದ್ದೇ ಅರ್ಥಧಾರಿಯ ಮಾತು ಒಂದೊಂದು ಅಕ್ಷರವಾಗಿ ಬಿಡಿಸಿ ಕೇಳಿತು. ಆಮೇಲೆ 2,400ರಲ್ಲಿ ಕೂದಲೆಳೆಯಷ್ಟು ಇಳಿಸಿದಾಗ ಚಂಡೆಯ ಚುಚ್ಚುವಿಕೆಯೂ ಹೋಯಿತು. “ಇಲ್ದಿದ್ದನ್ನ ಏರ್ಸೋಕೆ ಹೋಗ್ಬೇಡ, ಜಾಸ್ತಿ ಇರೋದನ್ನ ಇಳ್ಸು” ಎಂದು ನನಗೆ ಹೇಳಿದರು. ಈಗ ಲ್ಯಾಪ್‌ಟಾಪ್ ಹಿಡಿದು ಕೂರುವ ಪರಿಣತರೂ ಮೊದಲು ಹೇಳುವುದು ಇದನ್ನೇ.

ಇನ್ನೊಂದು ಸಂಗತಿಯನ್ನು ಆಗ ಯಾರೂ ಎತ್ತಿ ಹೇಳುತ್ತಿರಲಿಲ್ಲ. ಅಂಬಾಸಡರಿನ ಯಜಮಾನರು ಹಿಂದಿನ ಸೀಟಿನಲ್ಲಿ ಕೂರುವವರು, ಓಡಿಸುವವನು ಡ್ರೈವರ್. ಸ್ಪೀಕರುಗಳು ಹಿಂದೆಯೇ ಇದ್ದದ್ದು ಅದಕ್ಕೆ ಒಗ್ಗಿತ್ತು. ದುಡ್ಡು ಕೊಟ್ಟವರ ಕಿವಿಯ ಹಿಂದೆಯೇ ಹಾಡು. ಕಿಟಕಿಗಳು ತೆರೆದೇ ಇರುತ್ತಿದ್ದವು. ಎಸಿ ಎಂಬುದು ಅಪರೂಪ. ಗಾಳಿ, ಲಾರಿಗಳ ಹಾರನ್, ಡೀಸೆಲ್ ಎಂಜಿನ್ನಿನ ಬಡಿತ ಎಲ್ಲವನ್ನೂ ಮೀರಿ ಹಾಡು ಕೇಳಬೇಕು. ರಸ್ತೆಯ ಗದ್ದಲ ಕೆಳಗಿನ ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಜನ ಬಾಸ್ ಏರಿಸುತ್ತಿದ್ದದ್ದರಲ್ಲಿ ಅರ್ಥವಿಲ್ಲದಿರಲಿಲ್ಲ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ಆ ತಾಳವಾದ್ಯಗಳ ಸದ್ದು ಕಾರಿನಲ್ಲಿ ಬರಬೇಕೆಂದೇ ಈಕ್ವಲೈಜರ್ ಹಾಕಿಸಲು ಬಂದ ಹುಡುಗರನ್ನು ಕಂಡಿದ್ದೇನೆ. ಅವರ ಬಯಕೆ ಪ್ರಾಮಾಣಿಕವಾದದ್ದು, ಕೈಯಲ್ಲಿದ್ದ ಸಾಧನ ಅದಕ್ಕೆ ಸಾಲದಾಗಿತ್ತು.

ಆಮೇಲಿನ ಹದಿನೈದು ವರ್ಷಗಳಲ್ಲಿ ಆ ಪೆಟ್ಟಿಗೆಯೇ ಮಾಯವಾಯಿತು. ಸಿಡಿ ಬಂತು, ಎಂಪಿ3 ಬಂತು, 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ಬೆಂಗಳೂರಿನಲ್ಲೇ ಶುರುವಾಯಿತು. ಈಕ್ವಲೈಜರ್ ಡೆಕ್ಕಿನೊಳಗೇ ಒಂದು ಗುಂಡಿಯಾಯಿತು. ಒತ್ತಿದರೆ ರಾಕ್, ಒತ್ತಿದರೆ ಪಾಪ್, ಒತ್ತಿದರೆ ಜಾಝ್. ಯಾವುದೋ ಊರಿನ ಸಂಗೀತಕ್ಕೆ, ಯಾವುದೋ ಕೋಣೆಯಲ್ಲಿ ನಿಗದಿ ಮಾಡಿದ ಜೋಡಣೆಗಳು ಅವು. ಸಿ. ಅಶ್ವತ್ಥರ ತೆರೆದ ಕಂಠಕ್ಕಾಗಲೀ ಮೃದಂಗದ ಎಡಮುಖದ ಆಳಕ್ಕಾಗಲೀ ಅವುಗಳಲ್ಲಿ ಒಂದೂ ಹೊಂದುತ್ತಿರಲಿಲ್ಲ. ನನಗೆ ಈ ನಡುಗಾಲದ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ.

ಈಗಿನ ಮಾತಿಗೆ ಬರುತ್ತೇನೆ. ಹೋದ ವರ್ಷ ನನ್ನ ತಂಗಿಯ ಮಗ ಹೊಸ ಕಾರು ಕೊಂಡ. ಡ್ಯಾಶ್‌ಬೋರ್ಡಿನ ನಡುವೆ ದೊಡ್ಡ ಪರದೆ. ಎಸಿ, ರಿವರ್ಸ್ ಕ್ಯಾಮೆರಾ, ನಕ್ಷೆ ಎಲ್ಲವೂ ಅದರಲ್ಲೇ ಇರುವುದರಿಂದ ಅದನ್ನು ಕಿತ್ತು ಬೇರೆ ಹಾಕುವ ಹಾಗಿಲ್ಲ. ಸದ್ದಿನ ಹೊಂದಾಣಿಕೆಗೆ ಕೊಟ್ಟಿರುವುದು ಬಾಸ್, ಮಿಡ್, ಟ್ರೆಬಲ್ ಎಂಬ ಮೂರೇ ಗೆರೆ. “ಮಾಮ, ಮೂವತ್ತೊಂದು ಬ್ಯಾಂಡಿನ ಡಿಎಸ್‌ಪಿ ಹಾಕಿಸ್ತೀನಿ, ನೀವೂ ಬನ್ನಿ” ಎಂದ. ಡಿಎಸ್‌ಪಿ ಎಂದರೆ ಸದ್ದನ್ನು ಅಂಕಿಗಳಾಗಿ ಮಾಡಿಕೊಂಡು ಲೆಕ್ಕ ಹಾಕಿ ತಿದ್ದುವ ಪೆಟ್ಟಿಗೆ. ಸೀಟಿನ ಕೆಳಗೆ ಕೂರುತ್ತದೆ, ದೀಪವಿಲ್ಲ, ಕಡ್ಡಿಯಿಲ್ಲ, ಎಲ್ಲವೂ ಫೋನು ಅಥವಾ ಲ್ಯಾಪ್‌ಟಾಪಿನಲ್ಲಿ. ಹಳೆಯ ಏಳು ಕಡ್ಡಿಗಳು ಒಂದೊಂದೂ ಒಂದಕ್ಕಿಂತ ಹೆಚ್ಚು ಸಪ್ತಕದಷ್ಟು ಅಗಲದ ಸದ್ದನ್ನು ಒಟ್ಟಿಗೇ ಎಳೆಯುತ್ತಿದ್ದವು. ಮೂವತ್ತೊಂದು ಇದ್ದರೆ ಒಂದೊಂದೂ ಸಪ್ತಕದ ಮೂರನೇ ಒಂದು ಭಾಗವನ್ನಷ್ಟೇ ಹಿಡಿಯುತ್ತದೆ. ಅದಕ್ಕಿಂತ ಒಳ್ಳೆಯದು ಪ್ಯಾರಾಮೆಟ್ರಿಕ್. ಅದರಲ್ಲಿ ಯಾವ ಕಂಪನಾಂಕ, ಎಷ್ಟು ಅಗಲ, ಎಷ್ಟು ಏರಿಳಿತ ಎಂಬ ಮೂರನ್ನೂ ನಾವೇ ಗೊತ್ತುಮಾಡಬಹುದು. ಅಂಥ ಐದು ಸಿಕ್ಕರೆ ಮೂವತ್ತೊಂದು ಸ್ಥಿರ ಕಡ್ಡಿಗಳಿಗಿಂತ ಹೆಚ್ಚು ಕೆಲಸವಾಗುತ್ತದೆ. ಅವನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಬ್ಯಾಂಡಿನ ಸಂಖ್ಯೆ ನೋಡಿ ಕೊಳ್ಳುವುದೂ ಹಿಂದೆ ದೀಪ ನೋಡಿ ಕೊಳ್ಳುತ್ತಿದ್ದದ್ದೂ ಒಂದೇ.

ನೋಡಬೇಕಾದದ್ದು ಬೇರೆ ಇದೆ. ಕಂಪನಿ ಹಾಕಿಕೊಟ್ಟ ಸ್ಟೀರಿಯೊದಿಂದ ಸ್ಪೀಕರಿಗೆ ಹೋಗುವ ವೈರನ್ನೇ ಆ ಪೆಟ್ಟಿಗೆ ನೇರವಾಗಿ ತೆಗೆದುಕೊಳ್ಳಬಲ್ಲದೇ? ಇದು ಮೊದಲ ಪ್ರಶ್ನೆ. ಈಗಿನ ಹಲವು ಕಾರುಗಳಲ್ಲಿ ಆ ವೈರಿನಲ್ಲಿ ಬರುವ ಸದ್ದು ಮೊದಲೇ ತಿದ್ದಿದ ಸದ್ದಾಗಿರುತ್ತದೆ. ಕೆಲವು ಕಾರುಗಳಲ್ಲಿ ಸಣ್ಣ ಸ್ಪೀಕರ್ ಹರಿದುಹೋಗದಿರಲೆಂದು ವಾಲ್ಯೂಮ್ ಏರಿದಂತೆ ಬಾಸ್ ತಾನಾಗಿ ತಗ್ಗುತ್ತದೆ. ಮೊದಲು ಅದನ್ನು ಅಳೆದು ಸಮ ಮಾಡಿಕೊಳ್ಳದೆ ಮೇಲಿನಿಂದ ಇನ್ನೊಂದು ಈಕ್ವಲೈಜರ್ ಹೊರಿಸಿದರೆ ಒಂದು ತಿದ್ದುಪಡಿಯ ಮೇಲೆ ಇನ್ನೊಂದು ತಿದ್ದುಪಡಿ. ಎರಡನೆಯದು, ಒಂದೊಂದು ಸ್ಪೀಕರಿನ ಸದ್ದನ್ನೂ ಬೇರೆ ಬೇರೆಯಾಗಿ ತಡಮಾಡಿ ಕಳಿಸಬಲ್ಲದೇ ಎಂಬುದು. ನಮ್ಮಲ್ಲಿ ಓಡಿಸುವವರು ಬಲಗಡೆ ಕೂರುತ್ತಾರೆ, ಈಗ ಬಹುಮಟ್ಟಿಗೆ ಕಾರಿನ ಒಡೆಯರೇ ಓಡಿಸುತ್ತಾರೆ. ಬಲಬಾಗಿಲ ಸ್ಪೀಕರ್ ಎಡಬಾಗಿಲದ್ದಕ್ಕಿಂತ ಅರವತ್ತು ಸೆಂಟಿಮೀಟರ್ ಹತ್ತಿರವಿದ್ದರೆ ಅದರ ಸದ್ದು ಒಂದೂಮುಕ್ಕಾಲು ಮಿಲಿಸೆಕೆಂಡಿನಷ್ಟು ಮೊದಲೇ ಕಿವಿ ತಲುಪುತ್ತದೆ. ಅಷ್ಟು ಸಾಕು, ಹಾಡುವವರು ಬಲಬಾಗಿಲಿನಲ್ಲಿ ಕೂತಂತೆ ಕೇಳಲು. ಹತ್ತಿರದ್ದನ್ನು ಅಷ್ಟೇ ತಡಮಾಡಿದರೆ ಅವರು ಎದುರಿನ ಗಾಜಿನ ನಡುಮಧ್ಯಕ್ಕೆ ಬರುತ್ತಾರೆ. ಕಡ್ಡಿಗಳ ಕಾಲದಲ್ಲಿ ನಮಗೆ ಇದನ್ನು ಮಾಡಲು ಯಾವ ದಾರಿಯೂ ಇರಲಿಲ್ಲ. ಮೊದಲ ಸಲ ಇದನ್ನು ಕೇಳಿದಾಗ ಆದ ಸಂತೋಷ ದೊಡ್ಡದು. ಹಳೆಯದೇ ಚೆನ್ನಾಗಿತ್ತು ಎನ್ನುವವರನ್ನು ಅಂಥ ಒಂದು ಕಾರಿನಲ್ಲಿ ಕೂರಿಸಬೇಕು.

ಅವನು ಕರೆದೊಯ್ದ ಅಂಗಡಿಯ ಹುಡುಗಿ ತಲೆಯಾನಿಕೆಯ ಬಳಿ ಮೈಕ್ ಹಿಡಿದು, ಜಡಿಮಳೆಯಂತೆ ಕೇಳುವ ಪಿಂಕ್ ನಾಯ್ಸ್ ಹಾಕಿ ಅಳೆಯಲು ಶುರುಮಾಡಿದಳು. ಮೈಕನ್ನು ಒಂದೇ ಕಡೆ ಇಡದೆ ಕಿವಿಗಳಿರುವ ಸುತ್ತಳತೆಯಲ್ಲೆಲ್ಲ ನಿಧಾನವಾಗಿ ಆಡಿಸುತ್ತಿದ್ದಳು. ಕೆಲಸ ಬಲ್ಲವರ ಕೈ ಅದು. ಪರದೆಯ ಮೇಲೆ 120 ಹರ್ಟ್ಸಿನ ಹತ್ತಿರ ಒಂದು ಆಳವಾದ ಗುಂಡಿ ಕಂಡಿತು. “ಅದನ್ನ ಏರಿಸಿಬಿಡಿ” ಎಂದ ನಮ್ಮ ಹುಡುಗ. ಅವಳು ಆರು ಡೆಸಿಬೆಲ್ ಏರಿಸಿ ತೋರಿಸಿದಳು. ಗುಂಡಿ ತುಂಬಲಿಲ್ಲ. ಸ್ಪೀಕರಿನಿಂದ ನೇರ ಬರುವ ಸದ್ದೂ ಎದುರು ಬಾಗಿಲಿಗೆ ಬಡಿದು ಹಿಂದಿರುಗುವ ಸದ್ದೂ ಆ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತಿವೆ. ಒಂದನ್ನು ಏರಿಸಿದರೆ ಇನ್ನೊಂದೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ, ಆಂಪ್ಲಿಫೈಯರಿನ ಶಕ್ತಿ ಮಾತ್ರ ವ್ಯರ್ಥ. ಆಮೇಲೆ ಅವಳು ಬಾಗಿಲ ಮೇಲೆ ಅಂಗೈಯಿಟ್ಟು ಬಾಸ್ ಇರುವ ಹಾಡೊಂದನ್ನು ಹಾಕಿದಳು. ಒಳಗಿನ ತಗಡು ಗಡಗಡನೆ ನಡುಗುತ್ತಿತ್ತು. ಕುಂದಾಪುರದವರ ಕಾರಿನ ಹಲಗೆ ನಡುಗುತ್ತಿದ್ದ ಹಾಗೆಯೇ.

ಅಲ್ಲಿ ಕೂತು ಲೆಕ್ಕ ಹಾಕಿದೆವು. ಇದ್ದ ದುಡ್ಡಿನಲ್ಲಿ ದೊಡ್ಡ ಡಿಎಸ್‌ಪಿ ಕೊಂಡು ಬಾಗಿಲನ್ನು ಹಾಗೇ ಬಿಡಬಹುದು, ಇಲ್ಲವೇ ಮುಂದಿನ ಎರಡೂ ಬಾಗಿಲುಗಳ ತಗಡಿಗೆ ಬ್ಯೂಟೈಲ್ ಹಾಳೆ ಅಂಟಿಸಿ, ತೂತುಗಳನ್ನು ಮುಚ್ಚಿ, ಸ್ಪೀಕರನ್ನು ಗಟ್ಟಿ ಉಂಗುರದ ಮೇಲೆ ಕೂರಿಸಿ, ಉಳಿದದ್ದರಲ್ಲಿ ಸಣ್ಣ ಡಿಎಸ್‌ಪಿ ಕೊಳ್ಳಬಹುದು. ನಾನು ಎರಡನೆಯದನ್ನು ಹೇಳಿದೆ. ಅಂಗಡಿಯ ಹುಡುಗಿಯೂ ಅದನ್ನೇ ಹೇಳಿದಳು. ಅವಳಿಗೆ ಅದರಿಂದ ಬರುವ ಲಾಭ ಕಡಿಮೆ ಎಂಬುದು ನನಗೆ ಗೊತ್ತಿತ್ತು, ಹಾಗಾಗಿ ಅವಳ ಮಾತಿನ ಮೇಲೆ ಗೌರವ ಹೆಚ್ಚಿತು. ಹುಡುಗನ ಮುಖ ಮೊದಲಿಗೆ ಸಣ್ಣಗಾಯಿತು. ಒಂದು ಬಾಗಿಲಿಗಷ್ಟೇ ಹಾಳೆ ಅಂಟಿಸಿದ ಮೇಲೆ, ಎರಡೂ ಬಾಗಿಲ ಸ್ಪೀಕರನ್ನು ಒಂದಾದ ಮೇಲೊಂದರಂತೆ ಕೇಳಿಸಿದಾಗ ಅವನೇ “ಇನ್ನೊಂದಕ್ಕೂ ಹಾಕಿ” ಎಂದ.

ಹೊಂದಿಸುವಾಗ ಕೆಲಸವನ್ನು ಹಂಚಿಕೊಂಡೆವು. ವಯಸ್ಸಾದಂತೆ ಕಿವಿಗೆ ಮೇಲಿನ ಸ್ವರಗಳು ಮೊದಲು ದೂರವಾಗುತ್ತವೆ. ಹಳೆಯ ಪೆಟ್ಟಿಗೆಯ ಕೊನೆಯ ಕಡ್ಡಿ, 15,000ದ್ದು, ಈಗ ನನಗೆ ಕೇಳುವುದೇ ಇಲ್ಲ. ಆ ಭಾಗವನ್ನು ಅವರಿಬ್ಬರಿಗೆ ಬಿಟ್ಟೆ. ಮೈಕು ತೋರಿಸಿದ ಗೆರೆಯನ್ನು ನೆಟ್ಟಗೆ ಸಪಾಟು ಮಾಡಲು ಅವನು ಹೊರಟಾಗ ಅವಳೇ ತಡೆದಳು. ಕಾರಿನೊಳಗೆ ಸಪಾಟಾದ ಸದ್ದು ತೆಳ್ಳಗೆ, ಚೂಪಾಗಿ ಕೇಳುತ್ತದೆ. ಕೆಳಗಿನ ಸ್ವರಗಳು ಕೆಲವು ಡೆಸಿಬೆಲ್ ಮೇಲಿದ್ದು, ಮೇಲಕ್ಕೆ ಹೋದಂತೆ ಮೆಲ್ಲಗೆ ಇಳಿಯಬೇಕು. ನಡುವಿನ ಭಾಗಕ್ಕೆ ನಾನು ಕೂತೆ. ಒಂದು ತಾಳಮದ್ದಳೆ ಹಾಕಿಸಿ, ಮಾತು ಬಿಡಿಸಿ ಕೇಳುವವರೆಗೆ 200ರ ಸುತ್ತ ಎರಡೂವರೆ ಡೆಸಿಬೆಲ್ ಇಳಿಸಿದೆ. ಏರಿಸಿದ್ದು ಎಲ್ಲಿಯೂ ಇಲ್ಲ. ಈಗ ಅವನ ಪೆಟ್ಟಿಗೆಯಲ್ಲಿ ಎರಡು ಜೋಡಣೆ ಉಳಿಸಿಟ್ಟಿದ್ದಾನೆ. ಒಬ್ಬನೇ ಓಡಿಸುವಾಗ ಡ್ರೈವರ್ ಸೀಟಿಗೆ ಲೆಕ್ಕ ಹಾಕಿದ ತಡದ್ದು ಒಂದು, ಮನೆಯವರೆಲ್ಲ ಕೂತಾಗ ತಡ ಇಲ್ಲದ ಇನ್ನೊಂದು. ಸಬ್‌ವೂಫರ್ ದೀಪಾವಳಿ ಬೋನಸ್ ಬಂದ ಮೇಲೆ ಎನ್ನುತ್ತಿದ್ದಾನೆ.